ಯಾರ ಬಳಿ ಕಲಿತೆ? ಕಂಪ್ಯೂಟರ್ ಪಿಎಚ್.ಡಿ.ಗಳ ರ್‍ಯಾಂಕ್ ಪಟ್ಟಿಯ ಚರಿತ್ರೆ

1911ರಲ್ಲಿ ಅಮೆರಿಕದ ಕೇಂದ್ರ ಸರಕಾರದ ಶಿಕ್ಷಣ ಕಚೇರಿಯಲ್ಲಿದ್ದ ಕೆಂಡ್ರಿಕ್ ಬ್ಯಾಬ್‌ಕಾಕ್ ಎಂಬ ಅಧಿಕಾರಿ ಒಂದು ಪಟ್ಟಿ ತಯಾರಿಸಿದರು. ದೇಶದ 344 ಕಾಲೇಜುಗಳಲ್ಲಿ ಪದವಿ ಪಡೆದವರು ಮುಂದಿನ ಉನ್ನತ ವ್ಯಾಸಂಗಕ್ಕೆ ಎಷ್ಟರಮಟ್ಟಿಗೆ ತಯಾರಾಗಿರುತ್ತಾರೆಂದು ನೋಡಿ, ಆ ಕಾಲೇಜುಗಳನ್ನು ದರ್ಜೆಗಳಾಗಿ ವಿಂಗಡಿಸಿದ್ದರು. ಪಟ್ಟಿ ಕರಡಿನಲ್ಲಿರುವಾಗಲೇ ಪತ್ರಿಕೆಯವರ ಕೈ ಸೇರಿತು. ಕೆಳದರ್ಜೆಗೆ ಬಿದ್ದವರು ಗದ್ದಲವೆಬ್ಬಿಸಿದರು. ದೂರು ಶ್ವೇತಭವನದವರೆಗೂ ಹೋಗಿ, ಪಟ್ಟಿಯನ್ನು ಹಂಚಕೂಡದೆಂದು ಅಧ್ಯಕ್ಷ ಟಾಫ್ಟ್ ಆಜ್ಞೆ ಹೊರಡಿಸಬೇಕಾಯಿತು. ಅವರ ನಂತರ ಬಂದ ವುಡ್ರೋ ವಿಲ್ಸನ್ ಸ್ವತಃ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದವರು. ಅವರೂ ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಲಿಲ್ಲ.

ಸರಕಾರ ಕೈತೊಳೆದುಕೊಂಡಿತು. ಆದರೆ ಪಟ್ಟಿಯ ಆಸೆ ಸಾಯಲಿಲ್ಲ. 1925ರಲ್ಲಿ ಒಹಾಯೊ ರಾಜ್ಯದ ಮಯಾಮಿ ವಿಶ್ವವಿದ್ಯಾಲಯದ ಅಧ್ಯಕ್ಷ ರೇಮಂಡ್ ಹ್ಯೂಸ್ ಇನ್ನೊಂದು ದಾರಿ ಹಿಡಿದರು. ತಮ್ಮ ವಿದ್ಯಾರ್ಥಿಗಳು ಸಂಶೋಧನೆಗೆ ಎಲ್ಲಿಗೆ ಹೋಗುವುದು ಒಳ್ಳೆಯದೆಂದು ತಿಳಿಯಲು 20 ವಿಷಯಗಳ ವಿದ್ವಾಂಸರಿಗೆ ಪತ್ರ ಬರೆದು, ನಿಮ್ಮ ವಿಷಯದಲ್ಲಿ ಯಾವ ವಿಭಾಗ ಉತ್ತಮ ಎಂದು ಕೇಳಿದರು. ಉದ್ದೇಶ ಒಳ್ಳೆಯದೇ, ಊರಿನ ಮೇಷ್ಟ್ರೊಬ್ಬರು ತಮ್ಮ ಹುಡುಗರಿಗಾಗಿ ನಾಲ್ಕು ಜನರನ್ನು ವಿಚಾರಿಸಿದ ಹಾಗೆ. ಆದರೆ ಆ ವಿಚಾರಣೆಯ ಉತ್ತರಗಳು ಅಂಕಿಗಳಾಗಿ ಅಚ್ಚಾದ ಕೂಡಲೇ ಅವುಗಳಿಗೆ ಬೇರೆಯೇ ತೂಕ ಬಂತು. ಇಂದಿಗೂ ಪಿಎಚ್.ಡಿ. ವಿಭಾಗಗಳನ್ನು ಅಳೆಯುವ ಅತಿ ಪ್ರಸಿದ್ಧ ಪಟ್ಟಿಗಳಲ್ಲಿ ಬಳಕೆಯಲ್ಲಿರುವುದು ಹ್ಯೂಸ್ ಸಾಹೇಬರ ಉಪಾಯವೇ. ಬಲ್ಲವರನ್ನು ಕೇಳು, ಬಂದ ಉತ್ತರಗಳ ಸರಾಸರಿ ತೆಗೆ.

1966ರಲ್ಲಿ ಅಲನ್ ಕಾರ್ಟರ್ ಇದೇ ಕೆಲಸವನ್ನು ದೊಡ್ಡದಾಗಿ ಮಾಡಿ 106 ವಿಶ್ವವಿದ್ಯಾಲಯಗಳನ್ನು ತೂಗಿದರು. ಅದರಲ್ಲಿ ಕಂಪ್ಯೂಟರ್ ವಿಜ್ಞಾನವೆಂಬ ವಿಷಯವೇ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಆ ಹೆಸರಿನ ವಿಭಾಗ ತೆರೆದದ್ದು 1962ರಲ್ಲಿ, ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಗಿಯಲ್ಲಿ 1965ರಲ್ಲಿ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಸ್ಕೂಲ್ ಆಫ್ ಆಟೊಮೇಶನ್' ಎಂಬ ಹೆಸರಿನಲ್ಲಿ ಕಣ್ಣುಬಿಟ್ಟದ್ದು 1969ರಲ್ಲಿ. ಇವತ್ತು ಜಗತ್ತನ್ನೇ ಆಳುತ್ತಿರುವ ಈ ವಿಷಯಕ್ಕೆ ಆಗಿನ ಯಾವ ಪಟ್ಟಿಯಲ್ಲೂ ಒಂದು ಸಾಲಿನ ಜಾಗವಿರಲಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಹಾಗಾದರೆ ಈ ವಿದ್ಯೆಯ ಮೊದಲ ತಲೆಮಾರಿನವರು ಎಲ್ಲಿ ಓದಬೇಕೆಂದು ಹೇಗೆ ನಿರ್ಧರಿಸಿದರು? ಅಲನ್ ಟ್ಯೂರಿಂಗ್ 1936ರಲ್ಲಿ ಕೇಂಬ್ರಿಜ್ ಬಿಟ್ಟು ಪ್ರಿನ್ಸ್‌ಟನ್‌ಗೆ ಹಡಗು ಹತ್ತಿದ್ದು ಅಲ್ಲಿ ಅಲೊಂಜೊ ಚರ್ಚ್ ಇದ್ದಾರೆಂಬ ಕಾರಣಕ್ಕೆ. ತಾನು ಬಿಡಿಸಿದ ಸಮಸ್ಯೆಯನ್ನೇ ಬೇರೆ ದಾರಿಯಲ್ಲಿ ಬಿಡಿಸಿದ್ದ ಮನುಷ್ಯನ ಎದುರು ಕುಳಿತುಕೊಳ್ಳಬೇಕಿತ್ತು. 1938ರಲ್ಲಿ ಅವರ ಕೈಕೆಳಗೇ ಡಾಕ್ಟರೇಟ್ ಪಡೆದರು. ಚಿತ್ತೂರು ಜಿಲ್ಲೆಯ ಹಳ್ಳಿಯೊಂದರಿಂದ ಬಂದ ರಾಜ್ ರೆಡ್ಡಿ ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಮೆಕಾರ್ತಿಯವರ ಶಿಷ್ಯರಾಗಿ 1966ರಲ್ಲಿ ಪದವಿ ಪಡೆದಾಗ ಆ ವಿಭಾಗಕ್ಕೆ ವರ್ಷ ತುಂಬಿದ್ದಷ್ಟೇ. 1994ರಲ್ಲಿ ಟ್ಯೂರಿಂಗ್ ಪ್ರಶಸ್ತಿಯೇ ಅವರನ್ನು ಹುಡುಕಿಕೊಂಡು ಬಂತು.

ಮದರಸದ ಹಳೆಯ ಪದ್ಧತಿ ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಮಧ್ಯಯುಗದ ದಮಾಸ್ಕಸ್, ಕೈರೋಗಳಲ್ಲಿ ಇಜಾಝತ್ ಕೊಡುತ್ತಿದ್ದುದು ಸಂಸ್ಥೆಯಲ್ಲ, ಉಸ್ತಾದರು. ಯಾವ ಮದರಸದಲ್ಲಿ ಓದಿದೆ ಎಂಬುದಕ್ಕಿಂತ ಯಾವ ಕಿತಾಬನ್ನು ಯಾರ ಬಳಿ ಓದಿದೆ ಎಂಬ ಪ್ರಶ್ನೆ ದೊಡ್ಡದಾಗಿತ್ತು. ವಿದ್ವಾಂಸರ ಜೀವನಚರಿತ್ರೆಗಳಲ್ಲಿ ಗುರುಗಳ ಹೆಸರುಗಳೇ ಪುಟಗಟ್ಟಲೆ. ಇಂದಿನ ಗಣಿತಜ್ಞರೂ ಕಂಪ್ಯೂಟರ್ ಪಂಡಿತರೂ ತಮ್ಮ ಗುರುವಿನ ಗುರು ಯಾರೆಂದು ಹಿಂದಕ್ಕೆ ಹುಡುಕುತ್ತಾ ನೂರಾರು ವರ್ಷಗಳ ವಂಶವೃಕ್ಷ ಬರೆದುಕೊಳ್ಳುತ್ತಾರೆ. ಅಮೆರಿಕದ ನಾರ್ತ್ ಡಕೋಟಾ ವಿಶ್ವವಿದ್ಯಾಲಯವೊಂದು ಇದಕ್ಕಾಗಿಯೇ ದೊಡ್ಡ ದಾಖಲೆಯಿಟ್ಟಿದೆ. ಸಿಲ್ಸಿಲಾ ಎಂಬ ಪದ ಅವರಿಗೆ ಗೊತ್ತಿಲ್ಲ, ಅಷ್ಟೆ.

ಕಂಪ್ಯೂಟರ್ ವಿಜ್ಞಾನ ರಾಷ್ಟ್ರಮಟ್ಟದ ದೊಡ್ಡ ಮೌಲ್ಯಮಾಪನದೊಳಗೆ ಬಂದದ್ದು 1982ರಲ್ಲಿ, 58 ವಿಭಾಗಗಳೊಂದಿಗೆ. 1995ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಮತ್ತೆ ಎಣಿಸುವಾಗ ಅವು 108 ಆಗಿದ್ದವು. ಮೊದಲ ಸಾಲಿನಲ್ಲಿ ಸ್ಟ್ಯಾನ್‌ಫರ್ಡ್, ಎಂಐಟಿ, ಬರ್ಕ್ಲಿ, ಕಾರ್ನೆಗಿ ಮೆಲನ್. ಬಳಿಕ 'ಯು.ಎಸ್. ನ್ಯೂಸ್' ಪತ್ರಿಕೆಯ ಪಟ್ಟಿಯಲ್ಲೂ ಮೇಲೆ ಕುಳಿತದ್ದು ಈ ನಾಲ್ಕೇ ಹೆಸರುಗಳು, ಕುರ್ಚಿ ಬದಲಾದರೂ ಪಂಕ್ತಿ ಬದಲಾಗಲಿಲ್ಲ. ಆ ಪತ್ರಿಕೆಯ ವಿಧಾನ ಸರಳ. ವಿಭಾಗಗಳ ಮುಖ್ಯಸ್ಥರಿಗೆ ಪ್ರಶ್ನೆಪತ್ರ ಕಳಿಸಿ ಇತರ ವಿಭಾಗಗಳಿಗೆ 1ರಿಂದ 5ರವರೆಗೆ ಅಂಕ ಹಾಕಿಸುವುದು. ನೂರಾರು ವಿಭಾಗಗಳಲ್ಲಿ ಯಾವುದರೊಳಗೆ ಏನು ನಡೆಯುತ್ತಿದೆಯೆಂದು ಯಾವ ಮುಖ್ಯಸ್ಥನಿಗೆ ಗೊತ್ತಿರುತ್ತದೆ? ಗೊತ್ತಿಲ್ಲದಾಗ ಆತ ನೆನಪಿಸಿಕೊಳ್ಳುವುದು ಹಿಂದಿನ ಪಟ್ಟಿಯನ್ನು. ಹೀಗೆ ಕೀರ್ತಿ ಕೀರ್ತಿಯನ್ನೇ ತಿಂದು ಬೆಳೆಯುತ್ತದೆ.

ಅಭಿಪ್ರಾಯ ಬೇಡ, ಲೆಕ್ಕವೇ ಇರಲಿ ಎಂದವರಿಗೆ ಇನ್ನೊಂದು ತೊಡಕು ಎದುರಾಯಿತು. ಭೌತಶಾಸ್ತ್ರದವರು, ಜೀವಶಾಸ್ತ್ರದವರು ತಮ್ಮ ಸಂಶೋಧನೆಯನ್ನು ಜರ್ನಲ್‌ಗಳಲ್ಲಿ ಪ್ರಕಟಿಸುತ್ತಾರೆ. ಕಂಪ್ಯೂಟರ್ ವಿಜ್ಞಾನದ ಮುಖ್ಯ ಪ್ರಬಂಧಗಳು ಹೊರಬರುವುದು ಹೆಚ್ಚಾಗಿ ಸಮ್ಮೇಳನಗಳಲ್ಲಿ. ನಾಲ್ಕೈದರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವಷ್ಟು ಬಿಗಿಯಾದ ಸಮ್ಮೇಳನಗಳವು. ವಿಷಯ ಓಡುವ ವೇಗಕ್ಕೆ ಜರ್ನಲಿನ ವರ್ಷಗಟ್ಟಲೆ ಕಾಯುವಿಕೆ ಹೊಂದುವುದಿಲ್ಲ. ಡೇವಿಡ್ ಪ್ಯಾಟರ್ಸನ್, ಲಾರೆನ್ಸ್ ಸ್ನೈಡರ್, ಜೆಫ್ರಿ ಉಲ್ಮನ್ ಎಂಬ ಮೂವರು ಹಿರಿಯರು ಇದನ್ನು ಬೇರೆ ವಿಷಯದವರಿಗೆ ತಿಳಿಸಿಹೇಳಲು 1999ರಲ್ಲಿ ಒಂದು ಟಿಪ್ಪಣಿಯನ್ನೇ ಬರೆಯಬೇಕಾಯಿತು. ಆದರೂ ಜರ್ನಲ್ ಮಾತ್ರ ಎಣಿಸುವವರು ಎಣಿಸುತ್ತಲೇ ಹೋದರು. ಬತ್ತ ಅಳೆಯುವ ಸೇರಿನಲ್ಲಿ ಹಾಲು ಅಳೆಯಲೂಬಹುದು, ಹಾಲು ಕಡಿಮೆ ಬಿತ್ತೆಂದು ಎಮ್ಮೆಯನ್ನು ಬಯ್ಯಬಾರದು.

ರಾಷ್ಟ್ರೀಯ ಸಂಶೋಧನಾ ಮಂಡಳಿ 2010ರ ಸೆಪ್ಟೆಂಬರಿನಲ್ಲಿ ಹೊರತಂದ ಮೌಲ್ಯಮಾಪನ ಈ ಕಥೆಯ ಅತಿ ದೊಡ್ಡ ಪ್ರಯತ್ನ. 212 ವಿಶ್ವವಿದ್ಯಾಲಯಗಳು, 62 ವಿಷಯಗಳು, 5,000ಕ್ಕೂ ಮೀರಿದ ಪಿಎಚ್.ಡಿ. ಕಾರ್ಯಕ್ರಮಗಳು. ಒಂದೊಂದಕ್ಕೂ ಇಷ್ಟನೇ ಸ್ಥಾನವೆಂದು ಹೇಳದೆ, ಇಷ್ಟರಿಂದ ಇಷ್ಟರೊಳಗೆ ಎಲ್ಲೋ ಇರಬಹುದು ಎಂದು ಹೇಳಿದರು. ಅದೂ ಎರಡು ಬೇರೆ ಬೇರೆ ವಿಧಾನಗಳಲ್ಲಿ, ಎರಡು ಬೇರೆ ಬೇರೆ ಉತ್ತರ. ಅಂಕಿಅಂಶಗಳು 2005-06ರವು, ಬೆಳಕು ಕಾಣುವಾಗಲೇ ಹಳಸಿದ್ದವು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗ ತನ್ನ ಬಗೆಗಿನ ಮಾಹಿತಿಯೇ ತಪ್ಪೆಂದು ಬಹಿರಂಗವಾಗಿ ಹೇಳಿತು. ಎಲ್ಲರೂ ಮಂಡಳಿಯನ್ನು ನಕ್ಕರು. ನನಗೆ ಮಾತ್ರ ಅದು ಈ ಎಲ್ಲ ಪಟ್ಟಿಗಳಲ್ಲಿ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಸೇರಿದವರಲ್ಲಿ ಎಷ್ಟು ಮಂದಿ ಪದವಿ ಮುಗಿಸುತ್ತಾರೆ, ಎಷ್ಟು ವರ್ಷ ಹಿಡಿಯುತ್ತದೆ, ವಿದ್ಯಾರ್ಥಿಗೆ ಹಣದ ಆಸರೆಯಿದೆಯೇ ಎಂದು ಅದು ವಿಚಾರಿಸಿತ್ತು. ಆ ಪ್ರಮಾಣದ ಕೆಲಸ ಮತ್ತೆ ನಡೆದಿಲ್ಲ.

(ಮುಗಿಸದವರ ಮಾತು ಬಂದದ್ದಕ್ಕೆ ಹೇಳುತ್ತೇನೆ. ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್.ಡಿ.ಗೆ ಸೇರಿದ್ದ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಇಬ್ಬರೂ ಪದವಿ ಪೂರೈಸಲಿಲ್ಲ. ಒಂದು ಲೇಖನವನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆಂದು ನೋಡಿ ಅದರ ಬೆಲೆಕಟ್ಟುವ ವಿದ್ವಾಂಸರ ಅಭ್ಯಾಸವನ್ನೇ ಇಂಟರ್ನೆಟ್ಟಿನ ಪುಟಗಳಿಗೆ ಅನ್ವಯಿಸಿ, 1998ರಲ್ಲಿ ಗೂಗಲ್ ಕಟ್ಟಿದರು.)

ಉಲ್ಲೇಖಗಳ ಲೆಕ್ಕಕ್ಕೂ ಕಳ್ಳದಾರಿಯಿದೆ. ಜಿದ್ದಾದ ಕಿಂಗ್ ಅಬ್ದುಲ್ ಅಝೀಝ್ ವಿಶ್ವವಿದ್ಯಾಲಯವು ಜಗತ್ತಿನ ಬಹು ಉಲ್ಲೇಖಿತ ವಿಜ್ಞಾನಿಗಳಿಗೆ ವರ್ಷಕ್ಕೆ ಕೆಲವೇ ವಾರಗಳ ಹುದ್ದೆ ಕೊಟ್ಟು, ಅವರ ಎರಡನೆಯ ವಿಳಾಸವಾಗಿ ತನ್ನ ಹೆಸರು ಹಾಕಿಸಿಕೊಳ್ಳುತ್ತಿದೆಯೆಂದು 2011ರಲ್ಲಿ 'ಸೈನ್ಸ್' ಪತ್ರಿಕೆ ಬರೆಯಿತು. ಒಬ್ಬರಿಗೆ ಬಂದ ಆಹ್ವಾನದಲ್ಲಿದ್ದ ಮೊತ್ತ ವರ್ಷಕ್ಕೆ 72,000 ಡಾಲರ್. 2014ರ 'ಯು.ಎಸ್. ನ್ಯೂಸ್' ಜಾಗತಿಕ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ ಗಣಿತದಲ್ಲಿ 7ನೇ ಸ್ಥಾನದಲ್ಲಿತ್ತು. ಅಲ್ ಖ್ವಾರಿಝ್ಮಿಯ ಹೆಸರಿನಿಂದ 'ಅಲ್ಗಾರಿದಮ್' ಎಂಬ ಪದ ಹುಟ್ಟಿತೆಂದು ಹೆಮ್ಮೆಪಡುವ ನಾವು ಈ 7ನ್ನು ಕಂಡು ಹಿಗ್ಗುವುದೇ? ತೆಗೆದುಕೊಂಡವರೂ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ದೊಡ್ಡ ಪ್ರಾಧ್ಯಾಪಕರೇ ಎಂಬುದನ್ನೂ ಹೇಳಬೇಕು. ಅದೇ ಪತ್ರಿಕೆ ಜರ್ನಲ್‌ಗಳನ್ನು ನಂಬಿ ಕಂಪ್ಯೂಟರ್ ವಿಜ್ಞಾನದ ಜಾಗತಿಕ ಪಟ್ಟಿ ಹೊರಡಿಸಿದಾಗ, ಅಮೆರಿಕದ ಕಂಪ್ಯೂಟಿಂಗ್ ರಿಸರ್ಚ್ ಅಸೋಸಿಯೇಶನ್ 2017ರಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಹೇಳಿಕೆ ಕೊಟ್ಟಿತು.

ಇದಕ್ಕೆ ಉತ್ತರವಾಗಿ ಬೆಳೆದದ್ದು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಎಮರಿ ಬರ್ಗರ್ ರೂಪಿಸಿದ 'ಸಿಎಸ್‌ರ್‍ಯಾಂಕಿಂಗ್ಸ್'. ಜರ್ಮನಿಯ ಟ್ರಿಯರ್‌ನಲ್ಲಿ ಮಿಖಾಯೆಲ್ ಲೈ 1993ರಲ್ಲಿ ಆರಂಭಿಸಿದ ಪ್ರಬಂಧಸೂಚಿಯನ್ನು ಆಧಾರವಾಗಿಟ್ಟುಕೊಂಡು, ಆಯ್ದ ಸಮ್ಮೇಳನಗಳಲ್ಲಿ ಯಾವ ವಿಭಾಗದ ಅಧ್ಯಾಪಕರು ಎಷ್ಟು ಪ್ರಬಂಧ ಬರೆದರೆಂದು ಅದು ಎಣಿಸುತ್ತದೆ. ಒಂದು ಪ್ರಬಂಧಕ್ಕೆ ಐವರು ಲೇಖಕರಿದ್ದರೆ ಪುಣ್ಯ ಐದು ಪಾಲು. ಲೆಕ್ಕ ಯಾರಿಗೂ ತೆರೆದಿದೆ. ವಿದ್ಯಾರ್ಥಿ ತನಗೆ ಬೇಕಾದ ಉಪಶಾಖೆಯನ್ನಷ್ಟೇ ಆರಿಸಿ ನೋಡಬಹುದು, ಒಂದೊಂದು ವಿಭಾಗದೊಳಗಿನ ಅಧ್ಯಾಪಕರ ಹೆಸರನ್ನೂ ಕಾಣಬಹುದು. ಸುತ್ತಿ ಬಳಸಿ ಪಟ್ಟಿ ಮತ್ತೆ ವ್ಯಕ್ತಿಯ ಹತ್ತಿರಕ್ಕೆ ಬಂತೆನ್ನಬೇಕು. ಆದರೆ ಯಾವ ಸಮ್ಮೇಳನ ಒಳಗೆ, ಯಾವುದು ಹೊರಗೆ ಎಂಬ ಜಗಳ ಅಲ್ಲೂ ಮುಗಿದಿಲ್ಲ. ಹೆಚ್ಚು ಪ್ರಬಂಧ ಬರೆಯುವವನು ಒಳ್ಳೆಯ ಗುರುವೇ ಎಂದು ಯಾವ ಸೂಚಿಯೂ ಹೇಳದು.

ದರ್ಜೆ ಹಾಕುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಹದೀಸ್ ವಿದ್ವಾಂಸರಷ್ಟು ಕಟ್ಟುನಿಟ್ಟಾಗಿ ಮನುಷ್ಯರನ್ನು ತೂಗಿದವರು ವಿರಳ. ಇಬ್ನ್ ಹಜರ್ ಅಸ್ಖಲಾನಿಯವರು ವರದಿಗಾರರನ್ನು 12 ದರ್ಜೆಗಳಲ್ಲಿಟ್ಟರು. ಆದರೆ ಆ ಶಾಸ್ತ್ರದಲ್ಲಿ ತೂಗಿದವನ ಹೆಸರು ತೂಕದ ಪಕ್ಕದಲ್ಲೇ ಇರುತ್ತದೆ. ಒಬ್ಬರು ನಂಬತಕ್ಕವನೆಂದರು, ಇನ್ನೊಬ್ಬರು ದುರ್ಬಲನೆಂದರು, ಎರಡೂ ಮಾತು ಗ್ರಂಥದಲ್ಲಿ ಉಳಿದಿವೆ. ಪತ್ರಿಕೆಯ ಪಟ್ಟಿಯಲ್ಲಿ 5 ಕೊಟ್ಟವರಾರು, 2 ಕೊಟ್ಟವರಾರು ಎಂಬುದು ಮುಚ್ಚಿದ ಲಕೋಟೆ.

ನಮ್ಮ ದೇಶದಲ್ಲಿ 2016ರಿಂದ ಕೇಂದ್ರ ಸರಕಾರವೇ ಸಂಸ್ಥೆಗಳಿಗೆ ಸ್ಥಾನ ಕೊಡುತ್ತಿದೆ. ಅದರ ಐದು ಮಾನದಂಡಗಳಲ್ಲಿ ಒಂದು ಜನಾಭಿಪ್ರಾಯ. ಬೆಂಗಳೂರಿನ ವಿಜ್ಞಾನ ಸಂಸ್ಥೆ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಮೊದಲಿನಿಂದಲೂ ಮುಂದಿದೆ. ಆದರೆ ಇಲ್ಲಿಯ ಹುಡುಗ ಹುಡುಗಿಯರು ಹೊರದೇಶಕ್ಕೆ ಅರ್ಜಿ ಹಾಕುವಾಗ ಮನೆಮಂದಿ ನೋಡುವುದು ಅಮೆರಿಕದ ಪಟ್ಟಿಯನ್ನು. ಅದರಲ್ಲಿ ಕಾಣದ ಒಂದು ಸಂಗತಿ ಬಡ ಮನೆಗಳಿಗೆ ಎಲ್ಲಕ್ಕಿಂತ ಮುಖ್ಯವಾದುದು. ಅಲ್ಲಿ ಎಂ.ಎಸ್. ಓದಲು ಸಾಮಾನ್ಯವಾಗಿ ಸಾಲ ಮಾಡಬೇಕು. ಪಿಎಚ್.ಡಿ.ಗಾದರೆ ಹೆಚ್ಚಿನ ಒಳ್ಳೆಯ ವಿಭಾಗಗಳು ಫೀಸು ಮನ್ನಾ ಮಾಡಿ, ಪಾಠ ಅಥವಾ ಸಂಶೋಧನೆಯ ಕೆಲಸಕ್ಕೆ ತಿಂಗಳ ಭತ್ಯೆ ಕೊಡುತ್ತವೆ. 40ನೇ ಸ್ಥಾನದಲ್ಲಿದ್ದರೂ ಭತ್ಯೆ ಕೊಟ್ಟು, ಬಾಗಿಲು ತೆರೆದಿಟ್ಟ ಗೈಡ್ ಇರುವ ವಿಭಾಗವನ್ನು ಬಿಟ್ಟು, ಹೆಸರಿಗಾಗಿ ಮನೆಯ ಪತ್ರ ಅಡವಿಟ್ಟು ಎಂ.ಎಸ್.ಗೆ ಹೋಗುವವರಿದ್ದಾರೆ.

1965ರ ಜೂನ್ 7ರಂದು ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದ ಮೊದಲ ಡಾಕ್ಟರೇಟ್‌ಗಳು ಹೊರಬಂದವು. ಸೇಂಟ್ ಲೂಯಿಸ್‌ನಲ್ಲಿ ಇರ್ವಿಂಗ್ ಟ್ಯಾಂಗ್, ಅದೇ ದಿನ ವಿಸ್ಕಾನ್ಸಿನ್‌ನಲ್ಲಿ ಮೇರಿ ಕೆನೆತ್ ಕೆಲರ್ ಎಂಬ ಕ್ಯಾಥೊಲಿಕ್ ಸನ್ಯಾಸಿನಿ. ಸಿಸ್ಟರ್ ಕೆಲರ್ ಆಮೇಲೆ ಅಯೋವಾದ ಕ್ಲಾರ್ಕ್ ಎಂಬ ಸಣ್ಣ ಮಹಿಳಾ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗ ತೆರೆದು ಇಪ್ಪತ್ತು ವರ್ಷ ಅದನ್ನು ನಡೆಸಿದರು. ಅಲ್ಲಿ ಪಿಎಚ್.ಡಿ. ಇರಲಿಲ್ಲ, ಆದ್ದರಿಂದ 1982ರ 58 ಹೆಸರುಗಳಲ್ಲಿ ಆ ಕಾಲೇಜಿನ ಹೆಸರಿಲ್ಲ.