ಬಿಡುಗಡೆಯ ಕಾಗದ



ಹಳೆಯ ವಸ್ತುಗಳ ಮೂಲಕ ಸ್ವಾತಂತ್ರ್ಯದ ಹೋರಾಟಗಳ ಕಥೆ ಹೇಳಿ ಎಂದು ಸಂಘಟಕರು ಕೇಳಿದ್ದಾರೆ. ಗುಲಾಮಗಿರಿ ವಿರೋಧಿ ಚಳವಳಿ ಎಂದ ಕೂಡಲೇ ಎಲ್ಲರೂ ತೋರಿಸುವುದು 1787ರಲ್ಲಿ ಇಂಗ್ಲೆಂಡಿನ ಜೋಸೈಯಾ ವೆಜ್‌ವುಡ್ ಮಾಡಿಸಿದ ಪುಟ್ಟ ಪದಕ. ಅದರಲ್ಲಿ ಸಂಕೋಲೆ ತೊಟ್ಟು, ಮಂಡಿಯೂರಿ, ಕೈಮುಗಿದ ಆಫ್ರಿಕದ ಮನುಷ್ಯನಿದ್ದಾನೆ. ಹೆಂಗಸರು ಅದನ್ನು ಬಳೆಗೆ, ತಲೆಪಿನ್ನಿಗೆ ಕೂರಿಸಿಕೊಂಡು ತಿರುಗಿದರು. ಮತದಾನದ ಹಕ್ಕಿಲ್ಲದವರಿಗೆ ಅದೇ ರಾಜಕೀಯ. 1840ರಲ್ಲಿ ಲಂಡನ್ನಿನ ಗುಲಾಮಗಿರಿ ವಿರೋಧಿ ವಿಶ್ವಸಮ್ಮೇಳನಕ್ಕೆ ಅಮೆರಿಕದಿಂದ ಬಂದ ಮಹಿಳಾ ಪ್ರತಿನಿಧಿಗಳನ್ನು ಪ್ರತಿನಿಧಿಗಳೆಂದು ಒಪ್ಪಲಿಲ್ಲ. ಅಲ್ಲಿದ್ದ ಲುಕ್ರೀಷಿಯಾ ಮಾಟ್, ಎಲಿಜಬೆತ್ ಕೇಡಿ ಸ್ಟಾಂಟನ್ ಎಂಟು ವರ್ಷದ ಮೇಲೆ ಸೆನೆಕಾ ಫಾಲ್ಸ್‌ನಲ್ಲಿ ಮಹಿಳೆಯರ ಹಕ್ಕಿಗಾಗಿಯೇ ಸಭೆ ಸೇರಿಸಿದರು.

ಪದಕ ಚೆಂದವಿದೆ, ನಿಜ. ಆದರೆ ಮಂಡಿಯೂರಿದವನಿಗೆ ಹೆಸರಿಲ್ಲ. ಅವನ ಬಾಯಿಗೆ ಹಾಕಿದ ಮಾತೂ ಬೇರೆಯವರದೇ.

ಹೆಸರಿರುವ ವಸ್ತು ನಮ್ಮ ಹತ್ತಿರದಲ್ಲೇ ಇದೆ. ದೋಹಾದ ಮುಶೈರಿಬ್‌ನಲ್ಲಿ ಬಿನ್ ಜೆಲ್ಮೂದ್ ಹೌಸ್ ಎಂಬ ಹಳೆಯ ಮನೆ 2015ರಿಂದ ಗುಲಾಮಗಿರಿಯ ವಸ್ತುಸಂಗ್ರಹಾಲಯವಾಗಿದೆ. ಆ ಹೆಸರು ಒಬ್ಬ ಗುಲಾಮ ವ್ಯಾಪಾರಿಯದು. ತನ್ನ ಮನೆಯ ಈ ಕಥೆಯನ್ನು ಒಂದು ದೇಶ ತಾನೇ ಬಾಗಿಲು ತೆರೆದು ತೋರಿಸುವುದು ಸಣ್ಣ ಸಂಗತಿಯಲ್ಲ.

ಇಲ್ಲಿನ ಗುಲಾಮರಲ್ಲಿ ಅನೇಕರು ಪೂರ್ವ ಆಫ್ರಿಕದವರು. ಬಲೂಚಿಸ್ತಾನದಿಂದ ತಂದವರೂ ಇದ್ದರು. ಗಂಡಸರು ಮುತ್ತಿಗಾಗಿ ಸಮುದ್ರಕ್ಕೆ ಧುಮುಕಿದರು. ಗಳಿಕೆ ಒಡೆಯನಿಗೆ ಹೋಯಿತು. ಮುತ್ತು ಹೋಗಿದ್ದು ಬಹುಪಾಲು ನಮ್ಮ ಬೊಂಬಾಯಿಯ ಮಾರುಕಟ್ಟೆಗೆ. ಈ ಕಥೆಯಲ್ಲಿ ನಾವು ಪೂರ್ತಿ ಹೊರಗಿನವರಲ್ಲ.

ಒಡೆಯನಿಂದ ತಪ್ಪಿಸಿಕೊಂಡವರು ಬ್ರಿಟಿಷರ ಕಚೇರಿಗಳನ್ನು ಹುಡುಕಿ ಹೋಗುತ್ತಿದ್ದರು: ಬುಶೈರ್, ಮಸ್ಕತ್, ಬಹರೈನ್. ದೋಹಾದಲ್ಲಿ 1949ರವರೆಗೆ ಬ್ರಿಟಿಷ್ ಅಧಿಕಾರಿ ಇರಲಿಲ್ಲವಾದ್ದರಿಂದ ಕತಾರಿನವರು ಕಡಲು ದಾಟಿ ಬಹರೈನಿಗೇ ಹೋಗಬೇಕು. ಅಲ್ಲಿ ಗುಮಾಸ್ತ ಹೇಳಿಕೆ ಬರೆದುಕೊಳ್ಳುತ್ತಿದ್ದ. ಹೆಸರು, ಅಂದಾಜು ವಯಸ್ಸು, ಹುಟ್ಟಿದ ಊರು, ಹಿಡಿದು ತಂದ ಬಗೆ, ಮಾರಿದವರು, ಕೊಂಡವರು, ಓಡಿಬಂದ ಕಾರಣ. ಕೊನೆಗೆ ಒಂದು ಬೇಡಿಕೆ: ಬಿಡುಗಡೆಯ ಕಾಗದ ಕೊಡಿ. ಕೆಲವರಿಗೆ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಗುಮಾಸ್ತನ ಇಂಗ್ಲಿಷಿನಲ್ಲೇ ಇದ್ದರೂ, ಪದಕದ ಮನುಷ್ಯ ಹೇಳದ ಮಾತು ಇಲ್ಲಿದೆ. ಹೆಂಗಸರ ಹೇಳಿಕೆಗಳೂ ಇವೆ. ಅಡುಗೆಮನೆಯೊಳಗಿನ ಗುಲಾಮಗಿರಿಯನ್ನು ಅವರಲ್ಲದೆ ಮತ್ತಾರು ಹೇಳಿಯಾರು?

ಕತಾರಿನಲ್ಲಿ ಗುಲಾಮಗಿರಿ ರದ್ದಾಗಿದ್ದು 1952ರಲ್ಲಿ. ಪರಿಹಾರ ಸಿಕ್ಕಿದ್ದು ಒಡೆಯರಿಗೆ. ನಗಬೇಡಿ, 1833ರ ಕಾಯಿದೆ ಮಾಡಿದಾಗ ಬ್ರಿಟನ್ನೂ ಎರಡು ಕೋಟಿ ಪೌಂಡನ್ನು ಒಡೆಯರಿಗೇ ಎತ್ತಿಟ್ಟಿತ್ತು.

ಮತದ ಕಥೆ ಇನ್ನೊಂದು ದಿನಕ್ಕಿರಲಿ, ಒಂದು ಮಾತು ಮಾತ್ರ. 1999ರ ಮಾರ್ಚ್ 8ರಂದು ಇಲ್ಲಿನ ಪೌರ ಮಂಡಳಿಯ ಮೊದಲ ಚುನಾವಣೆಯಲ್ಲಿ ಕತಾರಿ ಹೆಂಗಸರೂ ಮತ ಹಾಕಿದರು. ನಿಂತ ಆರು ಮಂದಿಯಲ್ಲಿ ಒಬ್ಬರೂ ಗೆಲ್ಲಲಿಲ್ಲ. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿಗೆ ನಿಂತು ಅಲ್ಪ ಅಂತರದಲ್ಲಿ ಸೋತಿದ್ದರು.

ಮತ್ತೆ ಆ ಕಾಗದಕ್ಕೆ ಬರುತ್ತೇನೆ. ನಾನು ಈ ಊರಿಗೆ ಬಂದ ಹೊಸತರಲ್ಲಿ ನನ್ನ ಪಾಸ್‌ಪೋರ್ಟ್ ಕಂಪನಿಯ ಬೀರುವಿನಲ್ಲಿತ್ತು. ತಂದೆ ತೀರಿಕೊಂಡ ಸುದ್ದಿ ಬಂದಾಗ ಬೀಗದ ಕೈ ಇದ್ದವರು ರಜೆಯಲ್ಲಿದ್ದರು. ನಾನು ಗುಲಾಮನಾಗಿರಲಿಲ್ಲ; ಸಂಬಳಕ್ಕೆ ಬಂದವನು, ಒಪ್ಪಂದಕ್ಕೆ ಸಹಿ ಹಾಕಿದವನು. ಎರಡನ್ನೂ ಒಂದೇ ಎಂದರೆ ಮಾರಾಟವಾದ ಜೀವಗಳಿಗೆ ಅವಮಾನ. ಆದರೂ ಆ ಹೇಳಿಕೆಗಳನ್ನು ಮೊದಲು ಓದಿದಾಗ, ಒಂದು ಕಾಗದಕ್ಕಾಗಿ ಕಡಲು ದಾಟಿದ್ದೇಕೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಈಗ ಕಾನೂನು ಬದಲಾಗಿದೆ. ನೀವೇ ಬರೆದು ಕೇಳಿಕೊಂಡ ಹೊರತು ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ. 2018ರಲ್ಲಿ ಬಹುಪಾಲು ಕಾರ್ಮಿಕರಿಗೆ ಎಕ್ಸಿಟ್ ಪರ್ಮಿಟ್ ತಪ್ಪಿತು, 2020ರಲ್ಲಿ ಕೆಲಸ ಬದಲಿಸಲು ಎನ್‌ಒಸಿ ತಪ್ಪಿತು.

ಆ ಹೇಳಿಕೆಗಳು ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಉಚಿತವಾಗಿ ಸಿಗುತ್ತವೆ, ಮೊಬೈಲಿನಲ್ಲೇ ಓದಬಹುದು. ಇಂಗ್ಲಿಷ್ ಕಷ್ಟವಾದರೆ ಊಟದ ಹೊತ್ತಿಗೆ ನನ್ನ ಹತ್ತಿರ ಬನ್ನಿ, ಒಂದೆರಡನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ.