ಕಾರ್ಬನ್ ಮಾನಾಕ್ಸೈಡ್

ಇಂಗಾಲ ಮತ್ತು ಆಮ್ಲಜನಕದ ತಲಾ ಒಂದು ಪರಮಾಣು ಕೂಡಿ ಆದ ವಿಷಾನಿಲ; ರಾಸಾಯನಿಕ ಸೂತ್ರ ಸಿಒ. ಬಣ್ಣ, ವಾಸನೆ, ರುಚಿಗಳಿಲ್ಲ. ಗಾಳಿಗಿಂತ ತುಸು ಹಗುರ, ನೀರಿನಲ್ಲಿ ಕರಗುವುದು ಅತ್ಯಲ್ಪ, ಕುದಿಬಿಂದು -191.5° ಸೆ. ಹೊತ್ತಿಸಿದರೆ ನೀಲಿ ಜ್ವಾಲೆಯಿಂದ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಇದು ಇಂಗಾಲ, ಆಮ್ಲಜನಕಗಳ ಸಂಯುಕ್ತವೆಂದು 1800ರಲ್ಲಿ ವಿಲಿಯಂ ಕ್ರೂಕ್‌ಶಾಂಕ್ ಗುರುತಿಸಿದ.

ಇದ್ದಿಲು, ಸೌದೆ, ಪೆಟ್ರೋಲ್, ಅಡುಗೆ ಅನಿಲ ಮುಂತಾದವು ಸಾಕಷ್ಟು ಗಾಳಿಯಿಲ್ಲದೆ ಅರೆಬರೆ ಉರಿದಾಗ ಈ ಅನಿಲ ಹುಟ್ಟುತ್ತದೆ.

ಉಪಯೋಗಗಳು: ಊದುಕುಲುಮೆಯಲ್ಲಿ ಕಬ್ಬಿಣದ ಅದಿರಿನಿಂದ ಆಮ್ಲಜನಕವನ್ನು ಸೆಳೆದು ಲೋಹವನ್ನು ಬಿಡಿಸುವುದು ಮುಖ್ಯವಾಗಿ ಈ ಅನಿಲವೇ. 1923ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಯಲ್ಲಿ ಮಲೆನಾಡಿನ ಮರದ ಇದ್ದಿಲು ಇದನ್ನು ಒದಗಿಸುತ್ತಿತ್ತು. ಮಾಂಡ್ ವಿಧಾನದಲ್ಲಿ ಇದು ಸುಮಾರು 50° ಸೆ. ಉಷ್ಣತೆಯಲ್ಲಿ ನಿಕ್ಕಲ್‌ನೊಡನೆ ಕೂಡಿ ಆವಿಯಾಗುತ್ತದೆ. ಆ ಆವಿಯನ್ನು 200° ಸೆ. ದಾಟಿ ಕಾಯಿಸಿದರೆ ಶುದ್ಧ ನಿಕ್ಕಲ್ ಉಳಿಯುತ್ತದೆ. ಮೆಥನಾಲ್, ಅಸಿಟಿಕ್ ಆಮ್ಲ ಮತ್ತು ಕೃತಕ ಇಂಧನಗಳ ತಯಾರಿಕೆಗೂ ಇದು ಕಚ್ಚಾವಸ್ತು.

ಅಪಾಯಗಳು: ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಉಸಿರಾಟ ನಡೆಯುತ್ತಿದ್ದರೂ ಅಂಗಾಂಶಗಳಿಗೆ ಆಮ್ಲಜನಕ ತಲುಪದು. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಮೊದಲ ಲಕ್ಷಣಗಳು. ಮುಂದೆ ಎಚ್ಚರ ತಪ್ಪಿ ಸಾವು ಸಂಭವಿಸಬಹುದು. ಚಳಿಗೆಂದು ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವುದು, ಗಾಳಿಕಿಂಡಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸುವುದು ಇಂಥ ಸಾವುಗಳಿಗೆ ಸಾಮಾನ್ಯ ಕಾರಣ.

ಚಿಕಿತ್ಸೆ: ರೋಗಿಯನ್ನು ಕೂಡಲೇ ತೆರೆದ ಗಾಳಿಗೆ ತಂದು ಶುದ್ಧ ಆಮ್ಲಜನಕ ಕೊಡಬೇಕು. ಸಾಧಾರಣ ಗಾಳಿಯಲ್ಲಿ ರಕ್ತದಲ್ಲಿನ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು; ಶುದ್ಧ ಆಮ್ಲಜನಕದಲ್ಲಿ ಸುಮಾರು ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ.