ಡಿಸೆಂಬರ್ 7ರ ಬಾವುಟ

ನಮ್ಮ ಶಾಲೆಯಲ್ಲಿ ಡಿಸೆಂಬರ್ 7ಕ್ಕೆ ರಜೆ ಇರುತ್ತಿರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಮೇಷ್ಟ್ರು ಪುಟ್ಟ ಕಾಗದದ ಬಾವುಟ ಹಂಚುತ್ತಿದ್ದರು. ಕೆಂಪು, ಕಡುನೀಲಿ, ತಿಳಿನೀಲಿ: ಭೂಸೇನೆ, ನೌಕಾಪಡೆ, ವಾಯುಪಡೆ. ಗುಂಡುಪಿನ್ನಿನಿಂದ ಅಂಗಿಗೆ ಚುಚ್ಚಿಕೊಂಡು ಹತ್ತು ಪೈಸೆ ಕೊಟ್ಟರೆ ನಮ್ಮ ಪಾಲಿನ ಧ್ವಜ ದಿನ ಮುಗಿಯಿತು.

ಇದರ ಬೇರು ಮೊದಲ ಮಹಾಯುದ್ಧದಲ್ಲಿದೆ. ಆ ಯುದ್ಧ ನಿಂತದ್ದು 1918ರ ನವೆಂಬರ್ 11ರಂದು. ಮರುವರ್ಷದಿಂದ ಅದೇ ದಿನ ಬೆಳಿಗ್ಗೆ 11 ಗಂಟೆಗೆ, ಮಡಿದವರಿಗಾಗಿ ಎರಡು ನಿಮಿಷ ಮೌನ ಆಚರಿಸುವ ಪದ್ಧತಿ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಶುರುವಾಯಿತು. ಆಮೇಲೆ ಕೆಂಪು ಗಸಗಸೆ ಹೂವಿನ ಆಕಾರದ ಬಿಲ್ಲೆ ಕೊಟ್ಟು ಮಾಜಿ ಸೈನಿಕರಿಗೆ ಹಣ ಕೂಡಿಸುವ ರೂಢಿ ಬಂತು. ಭಾರತದಲ್ಲೂ ಅದು ನಡೆಯಿತು.

ದೂರದ ಯುದ್ಧವೆಂದು ನಾವು ಸುಮ್ಮನಾಗುವಂತಿಲ್ಲ. ಚಿತ್ರದುರ್ಗ ಆಗ ಮೈಸೂರು ಸಂಸ್ಥಾನದ ಜಿಲ್ಲೆ. ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1914ರಲ್ಲೇ ಈಜಿಪ್ಟಿಗೆ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಜೋಧಪುರದ ಸವಾರರು ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿದ್ದ ಫಿರಂಗಿಗಳ ಮೇಲೆ ಬಿದ್ದರು. ಎದುರಿಗೆ ಮಷಿನ್‌ಗನ್, ಇವರ ಕೈಯಲ್ಲಿ ಭರ್ಜಿ. ದೆಹಲಿಯ ತೀನ್‌ಮೂರ್ತಿ ಎಂದು ನಾವು ಬಸ್ಸಿನಿಂದ ನೋಡಿ ಬರುತ್ತೇವಲ್ಲ, ಆ ಮೂವರಲ್ಲಿ ಒಬ್ಬ ಮೈಸೂರಿನ ಸೈನಿಕ. ಉಳಿದಿಬ್ಬರು ಜೋಧಪುರ, ಹೈದರಾಬಾದಿನವರು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮದೇ ದಿನ ಬೇಕೆಂದಾಯಿತು. 1949ರ ಆಗಸ್ಟ್ 28ರಂದು ರಕ್ಷಣಾ ಮಂತ್ರಿಗಳ ಸಮಿತಿ ಡಿಸೆಂಬರ್ 7 ಎಂದು ಗೊತ್ತುಮಾಡಿತು. ಕೂಡಿದ ಹಣ ಯುದ್ಧದಲ್ಲಿ ಗಾಯಗೊಂಡವರಿಗೆ, ಮಡಿದವರ ಮನೆಯವರಿಗೆ, ಸೇವೆಯಲ್ಲಿರುವವರ ಕುಟುಂಬಗಳಿಗೆ, ಮಾಜಿ ಸೈನಿಕರಿಗೆ.

ಇದನ್ನೆಲ್ಲ ನಾನು ಓದಿ ತಿಳಿದದ್ದು ಬಹಳ ತಡವಾಗಿ. ಒಂಬತ್ತನೇ ತರಗತಿಯಲ್ಲಿದ್ದಾಗ ಡಬ್ಬಿ ಹಿಡಿದು ಮನೆಮನೆಗೆ ಹೋಗಿದ್ದೆ. ನಮ್ಮ ಬೀದಿಯ ಒಬ್ಬ ಅಜ್ಜಿ "ಯಾರಿಗೆ ಮಗಾ ಈ ದುಡ್ಡು?" ಅಂದರು. "ಸೈನಿಕರ ಮನೆಯವರಿಗೆ ಅಜ್ಜಿ" ಅಂದೆ. ಸೆರಗಿನ ಗಂಟು ಬಿಚ್ಚಿ ನಾಲ್ಕಾಣೆ ಹಾಕಿದರು. ಅವರ ಮಗ 1971ರ ಯುದ್ಧಕ್ಕೆ ಹೋದವನು, ಮರಳಿರಲಿಲ್ಲ. ಮನೆಗೆ ಬಂದು ಹೇಳಿದಾಗ ಅಪ್ಪ ನನ್ನನ್ನು ಬೈಯಲಿಲ್ಲ, ಊಟ ಅರ್ಧಕ್ಕೇ ಬಿಟ್ಟು ಎದ್ದರು. ನಾಲ್ಕಾಣೆ ವಾಪಸು ಕೊಡಲು ಹೋದೆ. ಅಜ್ಜಿ ತಗೊಳ್ಳಲಿಲ್ಲ.

ಆ ಮಗನೂ ಇದೇ ಶಾಲೆಯಲ್ಲಿ ಓದಿದವನು. ಆದರೂ ಆ ದಿನ ಪ್ರಾರ್ಥನೆಯಲ್ಲಿ ಅವನ ಹೆಸರು ಯಾರೂ ಹೇಳಿರಲಿಲ್ಲ. ನಮ್ಮ ಹೊಸದುರ್ಗ, ಹೊಳಲ್ಕೆರೆ ಸೀಮೆಯ ಊರುಗಳಲ್ಲಿ ವೀರಗಲ್ಲುಗಳಿವೆ. ಕೆಳಗೆ ಕಾದಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗ. ಹಬ್ಬದಲ್ಲಿ ಎಣ್ಣೆ ಹಚ್ಚಿ ಕುಂಕುಮ ಇಡುತ್ತೇವೆ. ಅಕ್ಷರವಿಲ್ಲದ ಕಲ್ಲಾದರೆ ಯಾರದೆಂದು ಕೇಳಿದರೆ "ಯಾರೋ ಹಿಂದಿನವರು" ಅನ್ನುತ್ತೇವೆ.

ಈ ಸಂಪುಟಕ್ಕಾಗಿ ನನ್ನದೊಂದು ಕೋರಿಕೆ. ಸುತ್ತಿನ ಹಳ್ಳಿಗಳಿಂದ ಸೇನೆಗೆ ಹೋಗಿ ಮರಳದವರ ಹೆಸರು, ಊರು, ತೀರಿಕೊಂಡ ವರ್ಷ ಬಲ್ಲವರು ಬರೆದು ಮುಖ್ಯೋಪಾಧ್ಯಾಯರಿಗೆ ತಲುಪಿಸಿ. ಬರುವ ಡಿಸೆಂಬರ್ 7ರ ಪ್ರಾರ್ಥನೆಯಲ್ಲಿ ಮಕ್ಕಳು ಓದಲಿ. ಮೊದಲ ಹೆಸರನ್ನು ನಾನು ಕೊಟ್ಟಿದ್ದೇನೆ.